ಮುರಿದ ಹಲ್ಲಿನ ಸುಖ

ಹಲ್ಲು ಮುರಿದಾಗ ತಂಗಿಗೆ ನೋವೇ ಆಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಎಲ್ಲರೂ ಈ ಹಲ್ಲಿನ ನೋವಿನ ಬಗ್ಗೆಯೇ ಮಾತಾಡುತ್ತಾರೆ, ಅವಳೂ ಮಾತಾಡುತ್ತಾಳೆ, ಕೇಳಿದವರು ನಂಬಿಬಿಡುವ ಅಪಾಯವಿದೆ. ನೋವಾದದ್ದು ಹಲ್ಲು ಮುರಿಯುವುದಕ್ಕೆ ಒಂದು ಕ್ಷಣ ಮುಂಚೆ. ಆ ನೋವಿಗೂ ಹಲ್ಲಿಗೂ ಸಂಬಂಧವಿರಲಿಲ್ಲ.

ಅವಳು ಕೆಲಸ ಮಾಡುತ್ತಿದ್ದದ್ದು ಒಂದು ಕೋಲ್ಡ್ ಸ್ಟೋರೇಜಿನಲ್ಲಿ. ಮೀನು, ಬಟಾಣಿ, ಹೆಚ್ಚಿದ ತರಕಾರಿ ಎಲ್ಲವನ್ನೂ ಕಲ್ಲಿನಂತೆ ಗಟ್ಟಿ ಮಾಡಿ ರಟ್ಟಿನ ಪೆಟ್ಟಿಗೆಗೆ ತುಂಬಿ ಲಾರಿಗೆ ಏರಿಸುವ ಜಾಗ. ಪೆಟ್ಟಿಗೆ ತುಂಬಿದ ಮೇಲೆ ಅದರ ಸುತ್ತ ಪ್ಲಾಸ್ಟಿಕ್ ಪಟ್ಟಿ ಹಾಕಿ, ಪಟ್ಟಿಯ ತುದಿಯನ್ನು ತಗಡಿನ ಬಕಲಿನೊಳಗೆ ತೂರಿಸಿ ಬಿಗಿಯಬೇಕು. ದಪ್ಪ ಗ್ಲೌಸು ಹಾಕಿದ ಕೈಗೆ ಪಟ್ಟಿಯ ತುದಿ ಸಿಕ್ಕುವುದಿಲ್ಲ. ಗ್ಲೌಸು ತೆಗೆದರೆ ಬೆರಳು ತಗಡಿಗೆ ಅಂಟಿಕೊಳ್ಳುತ್ತದೆ. ಇಕ್ಕಳ ಕೊಡಬಹುದಿತ್ತು. ಆದರೆ ಹಿಂದೊಮ್ಮೆ ಯಾರೋ ಇಕ್ಕಳವನ್ನು ಪೆಟ್ಟಿಗೆಯೊಳಗೇ ಮರೆತು, ಅದು ಬಟಾಣಿಯ ಜೊತೆ ಗಿರಾಕಿಯ ಅಡುಗೆಮನೆಗೆ ಹೋಗಿತ್ತಂತೆ. ಅಂದಿನಿಂದ ಯಾವ ಸಲಕರಣೆಯನ್ನೂ ಒಳಗೆ ಒಯ್ಯುವಂತಿಲ್ಲ. ಹಾಗಾಗಿ ಅಲ್ಲಿನ ಹೆಂಗಸರೆಲ್ಲ ಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಎಳೆಯುತ್ತಾರೆ. ಹಲ್ಲಿನಿಂದ ಎಳೆಯಬಾರದು ಎಂಬ ಬೋರ್ಡು ಗೋಡೆಯ ಮೇಲಿದೆ. ಅದರ ಕೆಳಗೆ ನಿಂತುಕೊಂಡೇ ಎಳೆಯುತ್ತಾರೆ.

ತಂಗಿಗೆ ಹಾಗೆ ಎಳೆಯುವುದನ್ನು ಕಲಿಸಿದವಳು ಅಕ್ಕ. ಒಡಹುಟ್ಟಿದ ಅಕ್ಕ, ಮೇಲಾಗಿ ಆ ಕೋಲ್ಡ್ ರೂಮಿನ ಸೂಪರ್‌ವೈಸರು. ಅಲ್ಲಿ ಮುದುಕಿಯರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ತಾಯಿ ಸತ್ತಾಗ ತಂಗಿಗಿನ್ನೂ ಹಾಲುಹಲ್ಲು. ಸಾಕಿದವಳು ಅಕ್ಕ, ಓದಿಸಿದವಳು ಅಕ್ಕ, ಓದು ತಲೆಗೆ ಹತ್ತದಿದ್ದಾಗ ಇಲ್ಲಿ ಕೆಲಸ ಕೊಡಿಸಿದವಳೂ ಅಕ್ಕ. ತಂಗಿ ಇರುತ್ತಿದ್ದದ್ದೂ ಅಕ್ಕನ ಮನೆಯಲ್ಲೇ, ಅಕ್ಕ, ಭಾವ ಮತ್ತು ಅವರ ಮಗಳ ಜೊತೆ. ಅಕ್ಕನಿಗೆ ತಂಗಿಯ ಮೇಲೆ ಪ್ರಾಣ. ಈ ಕಥೆಯಲ್ಲಿ ಯಾರೂ ಕೆಟ್ಟವರಿಲ್ಲ ಎಂಬುದೇ ದೊಡ್ಡ ಕಷ್ಟ. ಒಬ್ಬ ಕೆಟ್ಟವನಿದ್ದಿದ್ದರೆ ಬೈದುಕೊಂಡು ಸುಮ್ಮನಾಗಬಹುದಿತ್ತು.

ಇನ್ನು ಆ ನೋವಿನ ವಿಷಯ. ಅದು ತಂಗಿಯ ಬಲಗೆನ್ನೆಯಲ್ಲಿ, ಮೂಗಿನ ಪಕ್ಕದಿಂದ ಕಿವಿಯ ತನಕ, ಎಷ್ಟೋ ವರ್ಷಗಳಿಂದ ಮನೆ ಮಾಡಿಕೊಂಡಿತ್ತು. ಇಡೀ ದಿನ ಇರುವ ನೋವಾಗಿದ್ದರೆ ಒಂದು ರೀತಿ, ಒಗ್ಗಿಹೋಗಬಹುದು. ಇದು ಬರುತ್ತಿತ್ತು, ಹೋಗುತ್ತಿತ್ತು. ಗಾಳಿ ಸೋಕಿದರೆ ಬರುತ್ತಿತ್ತು. ಮುಖ ತೊಳೆದರೆ, ಆಕಳಿಸಿದರೆ, ಅಕ್ಕನ ಮಗಳು ಚಿಕ್ಕವಳಿದ್ದಾಗ ಕೆನ್ನೆಗೆ ಮುತ್ತು ಕೊಟ್ಟರೆ ಬರುತ್ತಿತ್ತು. ಕಾದ ತಂತಿಯನ್ನು ಯಾರೋ ಕೆನ್ನೆಯ ಮೂಳೆಯೊಳಗೆ ತೂರಿಸಿ ಸರ್ರನೆ ಎಳೆದ ಹಾಗೆ. ನಾಲ್ಕು ಉಸಿರು ಬಿಡುವಷ್ಟರಲ್ಲಿ ಮುಗಿದೂ ಹೋಗುತ್ತಿತ್ತು, ಮತ್ತು ಮುಗಿದ ಮೇಲೆ ಅವಳು ಬೇರೆಲ್ಲರಂತೆ ಆರೋಗ್ಯವಾಗಿಯೇ ಕಾಣುತ್ತಿದ್ದಳು. ಅಲ್ಲೇ ಬಂದದ್ದು ತೊಂದರೆ.

ನರದ ಡಾಕ್ಟರ ಹತ್ತಿರ ಹೋದದ್ದುಂಟು. ಇದು ಮುಖದ ನರದ ಕಾಯಿಲೆ, ಇದಕ್ಕೊಂದು ಉದ್ದ ಹೆಸರಿದೆ ಎಂದರು. ತಲೆಯನ್ನು ಯಂತ್ರದೊಳಗೆ ಇಟ್ಟು ಫೋಟೋ ತೆಗೆದರು. ಫೋಟೋದಲ್ಲಿ ಏನೂ ಕಾಣಲಿಲ್ಲ. ಕಾಣದೆಯೂ ಇರಬಹುದು, ಮಾತ್ರೆ ತಗೊಳ್ಳಿ ಎಂದರು. ಮಾತ್ರೆ ನುಂಗಿದರೆ ನೆಲ ತೇಲುತ್ತಿತ್ತು, ಮಂಜು ಕಟ್ಟಿದ ನೆಲದ ಮೇಲೆ ಎರಡು ಸಲ ಜಾರಿಬಿದ್ದಳು. ಕೊನೆಗೆ ಮಾತ್ರೆಯನ್ನು ತಾನೇ ಅರ್ಧ ಮಾಡಿಕೊಂಡಳು, ಆಮೇಲೆ ಕಾಲು. ಅಕ್ಕ ಮಾತ್ರ ಆ ಫೋಟೋದ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ತಲೆಯನ್ನೇ ಬಿಚ್ಚಿ ನೋಡಿದ ಹಾಗೆ ನೋಡಿದ್ದಾರೆ, ಏನೂ ಇಲ್ಲ ಅಂದಿದ್ದಾರೆ. ಇಲ್ಲದ್ದಕ್ಕೆ ಎಷ್ಟು ದಿನ ಅಂತ ಮದ್ದು ಮಾಡುವುದು ಎಂದು ಕೇಳುತ್ತಿದ್ದಳು. ಬಾಯ್ಬಿಟ್ಟು ಹೇಳದಿದ್ದರೂ ಅವಳ ಮನಸ್ಸಿನಲ್ಲಿದ್ದದ್ದು ಇಷ್ಟೇ: ತಂಗಿಗೆ ಕೆಲಸ ಎಂದರೆ ಮೈಗಳ್ಳತನ, ಚಿಕ್ಕಂದಿನಿಂದ ಮುದ್ದು ಮಾಡಿ ಕೆಡಿಸಿದ್ದು ನಾನೇ.

ಭಾವನದು ಬೇರೆ ದಾರಿ. ಅವನು ವ್ಯಾನು ಓಡಿಸುವ ಮನುಷ್ಯ, ಹಾಸ್ಯಗಾರ. ತಂಗಿ ಊಟದ ನಡುವೆ ತಟ್ಟನೆ ಕೈ ನಿಲ್ಲಿಸಿ ಕಣ್ಣು ಮುಚ್ಚಿದಾಗಲೆಲ್ಲ ತಟ್ಟೆಯಿಂದ ತಲೆಯೆತ್ತದೆ, ಕರೆಂಟು ಬಂತಾ ಎಂದು ಕೇಳುತ್ತಿದ್ದ. ಮೊದಮೊದಲು ಒಬ್ಬನೇ ನಗುತ್ತಿದ್ದ. ಆಮೇಲೆ ಮನೆಮಂದಿಯೆಲ್ಲ ನಕ್ಕರು. ಕೊನೆಕೊನೆಗೆ ತಂಗಿಯೂ ನಗತೊಡಗಿದಳು, ಯಾಕೆಂದರೆ ನಕ್ಕರೆ ಮಾತು ಬೇಗ ಮುಗಿಯುತ್ತಿತ್ತು.

ಕೆಲಸದಲ್ಲಿ ಅವಳ ಹೆಸರು ಮಫ್ಲರು. ಗಾಳಿ ತಾಗದಿರಲೆಂದು ಒಂದು ಕಂದು ಬಣ್ಣದ ಮಫ್ಲರನ್ನು ಮುಖಕ್ಕೆ ಸುತ್ತಿಕೊಂಡಿರುತ್ತಿದ್ದಳು, ಬಿಸಿಲಿನಲ್ಲೂ. ಕೋಲ್ಡ್ ರೂಮಿನ ಚಾವಣಿಯಲ್ಲಿ ದೊಡ್ಡ ಫ್ಯಾನುಗಳು ಹಿಮದ ಗಾಳಿಯನ್ನು ಕೆಳಕ್ಕೆ ಊದುತ್ತಿದ್ದವು. ಆ ಗಾಳಿ ಮಫ್ಲರಿನ ಸಂದಿಯಲ್ಲಿ ನುಗ್ಗಿತೆಂದರೆ ಅವಳ ಕಥೆ ಮುಗಿಯಿತು. ಅವಳು ಬೇಡುತ್ತಿದ್ದದ್ದು ಒಂದೇ ಒಂದು. ಹೊರಗಿನ ಹಜಾರದಲ್ಲಿ ಕಿಟಕಿಯ ಪಕ್ಕ ಒಂದು ಮೇಜಿತ್ತು, ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಮೇಜು. ಅಲ್ಲಿ ಗಾಳಿಯಿಲ್ಲ, ಮಧ್ಯಾಹ್ನ ಬಿಸಿಲು ಬೀಳುತ್ತದೆ. ನನ್ನನ್ನು ಅಲ್ಲಿ ಹಾಕು ಅಕ್ಕಾ ಎಂದು ಎಷ್ಟೋ ಸಲ ಕೇಳಿದ್ದಳು. ಕೇಳಿದಾಗಲೆಲ್ಲ ಅಕ್ಕ ಆಗದು ಎಂದು ತಲೆಯಾಡಿಸುತ್ತಿದ್ದಳು. ಸ್ವಂತ ತಂಗಿಯನ್ನು ಬೆಚ್ಚಗೆ ಕೂರಿಸಿ ಉಳಿದವರನ್ನು ಚಳಿಯಲ್ಲಿ ನಿಲ್ಲಿಸಿದರೆ ನನ್ನ ಮುಖಕ್ಕೆ ಉಗಿಯುತ್ತಾರೆ ಎನ್ನುತ್ತಿದ್ದಳು. ಕಾರಣವಾದರೂ ಬೇಡವೇ, ತೋರಿಸುವುದಕ್ಕೆ ಏನಾದರೂ ಬೇಡವೇ ಎನ್ನುತ್ತಿದ್ದಳು.

ಹಲ್ಲು ಮುರಿದ ದಿನ ತಂಗಿಯ ತುಟಿ ಎಡಗಡೆ ಚಳಿಗೆ ಸೀಳಿತ್ತು. ಅದಕ್ಕೇ ಯಾವತ್ತೂ ಎಡಗಡೆ ಕಚ್ಚುವವಳು ಅಂದು ಬಲಗಡೆ ಕಚ್ಚಿದಳು. ಪಟ್ಟಿಯ ಜೊತೆ ಬಕಲಿನ ಅಂಚೂ ಬಾಯೊಳಗೆ ಬಂದಿತ್ತು. ಅಷ್ಟರಲ್ಲಿ ಮಫ್ಲರಿನ ಸಂದಿಯಲ್ಲಿ ಗಾಳಿ ನುಗ್ಗಿತು. ತಂತಿ ಎಳೆದ ಹಾಗಾಯಿತು, ದವಡೆ ತಾನಾಗಿ ಬಿಗಿಯಿತು, ಕಟಕ್ ಎಂದಿತು. ನೋವು ಇಳಿದ ಮೇಲೆ ಅವಳು ಗ್ಲೌಸಿನ ಮೇಲೆ ಉಗುಳಿದಳು. ಬಟಾಣಿಗಿಂತ ಚಿಕ್ಕದಾದ ಒಂದು ಬಿಳಿ ಚೂರು. ಅವಳು ಅದನ್ನು ಮೊದಲು ಹಿಮದ ಹರಳು ಅಂದುಕೊಂಡಳು.

ನಾಲಿಗೆ ಸೀಳಿ ರಕ್ತ ಬಂದಿತ್ತು. ಪಕ್ಕದ ಹೆಂಗಸು ರಕ್ತ ನೋಡಿ ಕೂಗಿಕೊಂಡಳು. ಅಕ್ಕ ಬಾಗಿಲಿನ ಪ್ಲಾಸ್ಟಿಕ್ ಪರದೆ ಸರಿಸಿಕೊಂಡು ಓಡಿಬಂದಳು, ತಂಗಿಯನ್ನು ಹೊರಗೆ ಎಳೆದುಕೊಂಡು ಹೋಗಿ ಕಿಟಕಿಯ ಬೆಳಕಿಗೆ ನಿಲ್ಲಿಸಿ ಬಾಯಿ ತೆರೆಸಿದಳು. ಬಲಗಡೆ ಮೇಲೆ, ಕೋರೆಹಲ್ಲಿನ ಹಿಂದಿನ ಹಲ್ಲು ಅರ್ಧಕ್ಕರ್ಧ ಹೋಗಿತ್ತು. ಉಳಿದರ್ಧದ ಒಳಗೆಲ್ಲ ಕಪ್ಪು. ಅಕ್ಕ ಆ ಕಪ್ಪನ್ನು ನೋಡಿದಳು. ಹಲ್ಲು ಇದ್ದ ಜಾಗ, ಬಲಗೆನ್ನೆ, ಇಷ್ಟು ವರ್ಷದ ಗೋಳು ಎಲ್ಲವೂ ಅವಳ ತಲೆಯಲ್ಲಿ ಒಂದಕ್ಕೊಂದು ಕೂಡಿಕೊಂಡವು. ಅವಳ ಕಣ್ಣು ತುಂಬಿದವು.

"ಒಳಗೇ ಕೊಳೀತಿತ್ತಲ್ಲೇ," ಎಂದಳು. "ಇಷ್ಟು ವರ್ಷ ಇದೇ ಹಲ್ಲಾ ನಿನ್ನ ಸಾಯಿಸ್ತಿದ್ದದ್ದು?"

ತಂಗಿ ಅಕ್ಕನ ಮುಖ ನೋಡಿದಳು. ಆ ಮುಖ ತನಗಾಗಿ ಹಾಗೆ ಕರಗಿದ್ದನ್ನು ಅವಳು ಜ್ವರ ಬಂದ ಬಾಲ್ಯದ ದಿನಗಳಲ್ಲಿ ನೋಡಿದ್ದು, ಆಮೇಲೆ ನೋಡಿರಲಿಲ್ಲ. ಅಲ್ಲ, ಇದು ಬೇರೆ, ಅದು ನರ ಎಂದು ಹೇಳಬಹುದಿತ್ತು. ಹೇಳಿದ್ದರೆ ಆ ಮುಖ ಮತ್ತೆ ಮುಚ್ಚಿಕೊಳ್ಳುತ್ತಿತ್ತು.

"ಹೂಂ ಅಕ್ಕಾ," ಎಂದಳು. "ಹಲ್ಲೇ."

ನಂಬಿಸುವುದಕ್ಕೆ ವರ್ಷಗಟ್ಟಲೆ ಅತ್ತವಳಿಗೆ ಎರಡು ಸುಳ್ಳು ಮಾತಿನಲ್ಲಿ ಕೆಲಸ ಆಗಿಹೋಯಿತು. ಅಕ್ಕ ಅವಳನ್ನು ತಬ್ಬಿಕೊಂಡು ಎಲ್ಲರೆದುರು ಅತ್ತಳು. ನಾನು ಪಾಪಿ, ನಾಟಕ ಅಂದುಕೊಂಡಿದ್ದೆ ಎಂದು ತಲೆ ಚಚ್ಚಿಕೊಂಡಳು. ಅತ್ತು ಮುಗಿದ ಮೇಲೆ ಸೂಪರ್‌ವೈಸರಾಗಿ ಮೂಗೊರೆಸಿಕೊಂಡು, ಹಲ್ಲು ಸರಿಹೋಗುವ ತನಕ ಇವಳು ಚೀಟಿ ಮೇಜಿನಲ್ಲಿ ಕೂರುತ್ತಾಳೆ ಎಂದು ಸಾರಿದಳು. ಯಾರೂ ಎದುರಾಡಲಿಲ್ಲ. ಬಾಯಿ ತೆರೆದರೆ ಕಾರಣ ಕಾಣುತ್ತಿತ್ತಲ್ಲ.

ಶುರುವಾಯಿತು ತಂಗಿಯ ಸುಖದ ಕಾಲ. ಚೀಟಿ ಮೇಜಿನ ಮುಂದೆ ಒಂದು ಮರದ ಕುರ್ಚಿ, ಅಂಟಿನ ಡಬ್ಬಿ, ಒಂದು ಕುಂಚ, ಬಿಸಿಲು. ಕೂತು ಮಾಡುವ ಕೆಲಸ. ಗಾಳಿಯಿಲ್ಲದ ಆ ಮೂಲೆಯಲ್ಲಿ ಕೆಲವು ದಿನ ನೋವು ಒಮ್ಮೆಯೂ ಬರದೆ ಸಂಜೆಯಾಗುತ್ತಿತ್ತು. ಬಂದರೂ ಅದಕ್ಕೀಗ ಮರ್ಯಾದೆ ಇತ್ತು. ಅವಳು ಕಣ್ಣು ಮುಚ್ಚಿ ಮೇಜಿನಂಚು ಹಿಡಿದರೆ ಅಕ್ಕಪಕ್ಕದವರು ಕೆಲಸ ನಿಲ್ಲಿಸುತ್ತಿದ್ದರು, ಪಾಪ ಹಲ್ಲು ಎನ್ನುತ್ತಿದ್ದರು, ಬಿಸಿನೀರು ತಂದುಕೊಡುತ್ತಿದ್ದರು. ಪ್ರತಿಯೊಬ್ಬರಿಗೂ ಒಂದೊಂದು ಹಲ್ಲಿನ ಕಥೆ ಇತ್ತು, ಎಲ್ಲರೂ ಬಂದು ಹೇಳಿದರು. ಹಲ್ಲು ನೋಯದ ಮನುಷ್ಯ ಎಲ್ಲಿದ್ದಾನೆ? ಇಷ್ಟು ದಿನ ಅವಳದು ಯಾರಿಗೂ ಗೊತ್ತಿಲ್ಲದ ದೇಶದ ನೋವಾಗಿತ್ತು, ಈಗ ಎಲ್ಲರ ಮನೆಯ ನೋವಾಯಿತು.

ಮನೆಯಲ್ಲೂ ಹಾಗೆಯೇ. ಭಾವ ಕರೆಂಟಿನ ಮಾತು ಬಿಟ್ಟ. ಒಂದು ಸಂಜೆ ಅವಳಿಗೆಂದು ಮೆತ್ತನೆ ಬ್ರೆಡ್ಡು ತಂದು, ಮುಖ ತಿರುಗಿಸಿಕೊಂಡು ಮೇಜಿನ ಮೇಲಿಟ್ಟು ಹೋದ. ಅವನ ಮಟ್ಟಿಗೆ ಅದು ಕಾಲಿಗೆ ಬಿದ್ದ ಹಾಗೆ. ಅಕ್ಕ ಅನ್ನವನ್ನು ಮೆದುವಾಗಿ ಬೇಯಿಸಿ, ಹಾಲು ಹಾಕಿ ಹಿಸುಕಿ, ಚಮಚ ಸಮೇತ ಮುಂದಿಡುತ್ತಿದ್ದಳು. ತಂಗಿ ತಿನ್ನುತ್ತಿದ್ದಳು. ಮುರಿದ ಹಲ್ಲಿನ ಅಂಚು ನಾಲಿಗೆಯನ್ನು ಗೀರುತ್ತಿತ್ತು, ಅಷ್ಟೇ. ಬೇರೆ ಯಾವ ನೋವೂ ಆ ಹಲ್ಲಿನಲ್ಲಿರಲಿಲ್ಲ. ಅದು ಯಾವಾಗಲೋ ಸತ್ತುಹೋಗಿದ್ದ ಹಲ್ಲು. ಬದುಕಿದ್ದಾಗ ಯಾವ ಉಪಕಾರವನ್ನೂ ಮಾಡದೆ, ಸತ್ತು ಮುರಿದ ಮೇಲೆ ಇಷ್ಟೆಲ್ಲ ಕೊಡುತ್ತಿರುವ ಹಲ್ಲನ್ನು ಅವಳು ನಾಲಿಗೆಯ ತುದಿಯಿಂದ ಸವರುತ್ತಿದ್ದಳು, ದಿನಕ್ಕೆ ಎಷ್ಟೋ ಸಲ, ಇದೆಯಲ್ಲ ಎಂದು ನೋಡಿಕೊಳ್ಳುವವಳಂತೆ.

ಹಲ್ಲಿನ ಡಾಕ್ಟರ ಮಾತು ಬಂದಾಗಲೆಲ್ಲ ಅವಳು ಜಾರಿಕೊಂಡಳು. ಬಾವು ಇಳಿಯಲಿ ಎಂದಳು. ಬಾವು ಇರಲಿಲ್ಲ. ನೆಗಡಿ ಹೋಗಲಿ ಎಂದಳು. ಭಯವಾಗುತ್ತದೆ ಎಂದಳು, ಅದು ನಿಜವಾಗಿತ್ತು. ಆದರೆ ಭಯಕ್ಕೆ ಅಕ್ಕ ಬೇರೆ ಅರ್ಥ ಮಾಡಿಕೊಂಡಳು. ಪಾಪ, ಸೂಜಿಗೆ ಹೆದರುತ್ತಾಳೆ, ಒಬ್ಬಳೇ ಯಾವತ್ತೂ ಹೋಗುವುದಿಲ್ಲ, ನಾನೇ ಕರೆದುಕೊಂಡು ಹೋಗಬೇಕು. ಜ್ವರ ಬಂದರೂ ರಜೆ ಹಾಕದ ಅಕ್ಕ ಒಂದು ದಿನ ರಜೆ ಹಾಕಿದಳು. ಬೆಳಿಗ್ಗೆ ತಂಗಿ ಕೆಲಸಕ್ಕೆಂದು ಚಪ್ಪಲಿ ಮೆಟ್ಟುತ್ತಿದ್ದಾಗ ಭಾವನ ವ್ಯಾನು ಬಾಗಿಲಿಗೆ ಬಂದು ನಿಂತಿತು. ಅಕ್ಕ, ಭಾವ ಇಬ್ಬರೂ, ಮಕ್ಕಳಿಗೆ ತಿಂಡಿ ಬಚ್ಚಿಟ್ಟವರ ಹಾಗೆ ಮುಸಿಮುಸಿ ನಗುತ್ತಿದ್ದರು. ಎಲ್ಲಿಗೆ ಎಂದರೆ ಸುಮ್ಮನೆ ಹತ್ತು ಎಂದರು.

ಹಲ್ಲಿನ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಂಗಸು. ಅವಸರವಿಲ್ಲದೆ ನೋಡುವವಳು. ಸಣ್ಣ ಕನ್ನಡಿ ಇಟ್ಟು ನೋಡಿದಳು, ಉಕ್ಕಿನ ಕಡ್ಡಿಯಿಂದ ಹಲ್ಲನ್ನು ತಟ್ಟಿದಳು, ತಣ್ಣಗಿನ ಹತ್ತಿ ಇಟ್ಟಳು. ನೋಯುತ್ತದೆಯೇ ಎಂದು ಕೇಳಿದಳು. ತಂಗಿ ಅಯ್ಯೋ ಎನ್ನಬೇಕೆಂದು ಅಂದುಕೊಳ್ಳುವಷ್ಟರಲ್ಲಿ ತಡವಾಗಿತ್ತು. ಒಂದು ಗಳಿಗೆ ಬಿಟ್ಟು ಅಯ್ಯೋ ಎಂದಳು. ಡಾಕ್ಟರು ಅವಳನ್ನು ಒಂದು ಥರ ನೋಡಿದಳು. ಹತ್ತಿಯನ್ನು ತೆಗೆಯುವಾಗ ಡಾಕ್ಟರ ಕೈಯ ಹಿಂಬದಿ ಕೆನ್ನೆಗೆ ತಾಗಿತು. ಆಗ ಬಂತು ನಿಜವಾದದ್ದು. ತಂಗಿಯ ಕೈಗಳು ಕುರ್ಚಿಯ ತೋಳನ್ನು ಹಿಡಿದುಕೊಂಡವು, ಬಾಯಿಂದ ಸದ್ದೇ ಹೊರಡಲಿಲ್ಲ.

ಅದು ಇಳಿಯುವ ತನಕ ಡಾಕ್ಟರು ಕಾದಳು. ಆಮೇಲೆ ಅಕ್ಕನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: ಈ ಹಲ್ಲು ಸತ್ತು ಬಹಳ ಕಾಲವಾಗಿದೆ, ಇದಕ್ಕೆ ನೋವು ಗೊತ್ತಾಗುವುದಿಲ್ಲ. ಒಳಗನ್ನು ಚೊಕ್ಕ ಮಾಡಿ ಮೇಲೊಂದು ಕ್ಯಾಪು ಹಾಕಬಹುದು, ಕೀಳುವ ಅಗತ್ಯವೇ ಇಲ್ಲ. ಈಗ ಬಂತಲ್ಲ, ಆ ನೋವು ಹಲ್ಲಿನದಲ್ಲ ಅನ್ನಿಸುತ್ತದೆ.

ಅಕ್ಕನ ಮುಖ ಕೆಂಪಾಯಿತು. ಇಷ್ಟು ವರ್ಷ ತಂಗಿ ಯಾವ ಮಾತನ್ನು ಅಕ್ಕನ ಬಾಯಿಂದ ಕೇಳಬೇಕೆಂದು ಹಾತೊರೆದಿದ್ದಳೋ, ಅದೇ ಮಾತು ಈಗ, ಈ ಹೊತ್ತಿನಲ್ಲಿ, ಅಕ್ಷರ ಬಿಡದೆ ಬಂತು.

"ನನ್ನ ತಂಗಿ ಸುಳ್ಳು ಹೇಳ್ತಾಳೆ ಅಂತೀರಾ? ನೋವು ಅಂದ್ರೆ ನೋವೇ. ಅವಳಿಗಾಗೋದು ಅವಳಿಗೆ ಗೊತ್ತಿರಲ್ವಾ? ನೋಡೋರಿಗೆ ಏನು ಗೊತ್ತಾಗುತ್ತೆ?"

ಡಾಕ್ಟರು ಕೋಪ ಮಾಡಿಕೊಳ್ಳಲಿಲ್ಲ. ಕುರ್ಚಿಯನ್ನು ಎಳೆದುಕೊಂಡು ತಂಗಿಯ ಮುಖದ ಹತ್ತಿರ ಬಂದಳು. ಗಾಳಿ ತಾಗಿದರೆ ಬರುತ್ತದೆಯೇ ಎಂದು ಕೇಳಿದಳು. ಮುಖ ತೊಳೆಯುವಾಗ? ಶಾಕ್ ಹೊಡೆದ ಹಾಗೆ ಬಂದು ತಟ್ಟನೆ ಹೋಗುತ್ತದೆಯೇ? ಹಾಗಿದ್ದರೆ ಅದಕ್ಕೆ ಬೇರೆ ಮಾತ್ರೆಗಳಿವೆ, ನಿದ್ದೆ ಬರಿಸದಂಥವು. ಬೇರೆ ದಾರಿಗಳೂ ಇವೆ. ನನಗೆ ಗೊತ್ತಿರುವ ನರದ ಡಾಕ್ಟರಿಗೆ ಈಗಲೇ ಫೋನು ಮಾಡುತ್ತೇನೆ ಎಂದಳು.

ಇಂಥ ಪ್ರಶ್ನೆಯನ್ನು ಇಷ್ಟು ಹತ್ತಿರದಿಂದ, ಉತ್ತರವನ್ನು ನಂಬಲು ತಯಾರಾಗಿ, ಯಾರೂ ಅವಳನ್ನು ಕೇಳಿರಲಿಲ್ಲ. ತಂಗಿಯ ಗಂಟಲಿನ ತನಕ ಹೂಂ ಎಂಬ ಮಾತು ಬಂತು. ಅಷ್ಟರಲ್ಲಿ ಅಕ್ಕ ಅವಳ ಕೈ ಹಿಡಿದುಕೊಂಡಳು.

"ಆ ನರದ ಕಥೆ ಎಲ್ಲ ಮುಗೀತು ಡಾಕ್ಟ್ರೇ. ಅವಳೇ ಬಾಯ್ಬಿಟ್ಟು ಹೇಳಿದ್ಲು ಹಲ್ಲು ಅಂತ. ಅಲ್ವೇನೇ?"

ಅಕ್ಕನ ಅಂಗೈ ಬೆಚ್ಚಗಿತ್ತು. ಈಗ ನಿಜ ಹೇಳಿದರೆ ಆ ದಿನ ಕಿಟಕಿಯ ಬೆಳಕಿನಲ್ಲಿ ಹೇಳಿದ್ದು ಸುಳ್ಳಾಗುತ್ತದೆ. ಒಂದು ಸಲ ಸುಳ್ಳಿ ಎಂದಾದರೆ ಮತ್ತೆ ಎಲ್ಲವೂ ಸುಳ್ಳು: ನರ ಸುಳ್ಳು, ನೋವು ಸುಳ್ಳು, ಬ್ರೆಡ್ಡು, ಹಾಲನ್ನ, ಅಕ್ಕ ಅತ್ತದ್ದು ಎಲ್ಲವನ್ನೂ ಮೋಸ ಮಾಡಿ ಕಸಿದ ಹಾಗೆ. ತಂಗಿ ಒಂದು ಲೆಕ್ಕ ಹಾಕಿದಳು. ಹಲ್ಲು ಕಿತ್ತರೆ ಗಾಯವಾಗುತ್ತದೆ. ಗಾಯ ಇರುವಷ್ಟು ದಿನ ಮೇಜು ಇರುತ್ತದೆ. ಆಮೇಲೆ ಏನಾದರೊಂದು ದಾರಿ ಹುಡುಕಿದರಾಯಿತು. ಪೆದ್ದ ಲೆಕ್ಕ. ಆದರೆ ನೋವಿನಲ್ಲಿರುವವರಿಗೆ ನಾಳೆಯ ಆಚೆಗೆ ಕಣ್ಣು ಹೋಗುವುದಿಲ್ಲ, ಅವರನ್ನು ಬೈದು ಪ್ರಯೋಜನವಿಲ್ಲ.

"ಹಲ್ಲೇ," ಎಂದಳು. "ಕಿತ್ತುಬಿಡಿ."

ಡಾಕ್ಟರು ಮತ್ತೊಮ್ಮೆ ಕೇಳಿದಳು. ಕಿತ್ತ ಹಲ್ಲು ವಾಪಸ್ಸು ಬರುವುದಿಲ್ಲ ಎಂದಳು. ಉಳಿದ ಹಲ್ಲುಗಳೆಲ್ಲ ಕಲ್ಲಿನ ಹಾಗಿವೆ, ಇದೊಂದನ್ನೂ ಉಳಿಸಿಕೊಳ್ಳಬಹುದಿತ್ತು ಎಂದಳು. ಭಾವ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದ. ಕೊನೆಗೆ ಅವಳು ಸೂಜಿ ತುಂಬಿದಳು. ಸೂಜಿ ಒಸಡಿಗೆ ಇಳಿದಾಗ ನರ ಎದ್ದು ನಿಂತಿತು. ಒಂದರ ಹಿಂದೆ ಒಂದರಂತೆ, ಉಸಿರಾಡಲೂ ಬಿಡದೆ, ತಂತಿಗಳು ಎಳೆದವು. ತಂಗಿಯ ಹಿಮ್ಮಡಿಗಳು ಕುರ್ಚಿಯನ್ನು ಒದ್ದವು. ಅಕ್ಕ ಅವಳ ಕೈಯನ್ನು ಎದೆಗೊತ್ತಿಕೊಂಡು, ಇದೇ ಕೊನೆ ಕಣೇ, ಇದೇ ಕೊನೆ, ಇನ್ನು ಬರಲ್ಲ ಎಂದು ಹೇಳುತ್ತಲೇ ಇದ್ದಳು.

ಹಲ್ಲನ್ನು ಅಕ್ಕ ಕೇಳಿ ಇಸಿದುಕೊಂಡಳು. ಹತ್ತಿಯಲ್ಲಿ ಸುತ್ತಿ ಪರ್ಸಿನಲ್ಲಿಟ್ಟುಕೊಂಡಳು. ಮಾರನೆಯ ದಿನ ಊಟದ ಹೊತ್ತಿಗೆ ಅದು ಇಡೀ ಕೋಲ್ಡ್ ಸ್ಟೋರೇಜನ್ನು ಸುತ್ತಿ ಬಂತು. ನೋಡಿ, ಇದೇ ಕಳ್ಳ, ಇಷ್ಟು ವರ್ಷ ನನ್ನ ತಂಗಿಯನ್ನು ಹಿಂಡಿದ್ದು ಇದೇ ಎಂದು ಅಕ್ಕ ಒಬ್ಬೊಬ್ಬರ ಮೂಗಿನ ಕೆಳಗೂ ಹಿಡಿದಳು. ಹೆಂಗಸರು ಕಪ್ಪು ತೂತನ್ನು ನೋಡಿ ಮುಖ ಕಿವುಚಿದರು. ಭಾವ ಮನೆಯಲ್ಲಿ ತಿರುಗಿ ಹಾಸ್ಯ ಶುರು ಮಾಡಿದ, ಆದರೆ ಪ್ರೀತಿಯಿಂದ. ಇನ್ನು ನಮ್ಮನೆಗೆ ಕರೆಂಟಿಲ್ಲ, ದೀಪ ಹಚ್ಚಿಕೊಳ್ಳಬೇಕು ಎಂದ. ಎಲ್ಲರೂ ನಕ್ಕರು. ತಂಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಗಾಯ ಬೇಗ ಒಣಗಿತು. ಬಾಯಿ ತೆರೆಸಿ ನೋಡುತ್ತಿದ್ದವಳು ಅಕ್ಕನೇ, ಪ್ರತಿದಿನ, ಕಿಟಕಿಯ ಬೆಳಕಿನಲ್ಲಿ. ಒಂದು ಬೆಳಿಗ್ಗೆ ನೋಡಿ, ಹೂವಿನ ಹಾಗಾಗಿದೆ ಎಂದಳು. ಅಂದೇ ತಂಗಿಯ ಹೆಸರು ಕೋಲ್ಡ್ ರೂಮಿನ ಪಾಳಿಗೆ ಮರಳಿತು. ಚೀಟಿ ಮೇಜಿಗೆ ಅಲ್ಲಿನ ಹಿರಿಯ ಕೆಲಸದವಳು ಬಂದಳು, ಎಲ್ಲರೂ ಕೆಮ್ಮಜ್ಜಿ ಎನ್ನುವವಳು. ಅವಳ ಕೆಮ್ಮು ಬೀದಿಯ ತುದಿಗೂ ಕೇಳುತ್ತಿತ್ತು. ಕಣ್ಣಿಗೆ ಕಾಣದಿದ್ದರೇನು, ಕಿವಿಗಾದರೂ ಬೀಳುತ್ತಿತ್ತಲ್ಲ.

ಒಳಗೆ ಹೋಗುವ ಮುಂಚೆ ಅಕ್ಕ ತಂಗಿಯನ್ನು ನಿಲ್ಲಿಸಿ, ಮಫ್ಲರಿಗೆ ಕೈ ಹಾಕಿದಳು. ಇನ್ನು ಯಾಕೆ ಈ ದರಿದ್ರ ಬಟ್ಟೆ ಎಂದು ಸುತ್ತು ಸುತ್ತಾಗಿ ಬಿಚ್ಚಿದಳು. ಇಷ್ಟು ವರ್ಷ ಈ ಮುಖ ಯಾರಿಗೂ ಕಾಣಿಸಿಲ್ಲ, ನಾಲ್ಕು ಜನ ನೋಡಲಿ ಎಂದಳು. ಮಫ್ಲರನ್ನು ಮಡಚಿ, ನೀರು ಸೋರುವ ಬಾಗಿಲ ಕೆಳಗೆ ನೆಲಕ್ಕೆ ಹಾಸಿದಳು. ತಂಗಿ ಬರಿ ಮುಖದಲ್ಲಿ ಪರದೆ ದಾಟಿದಳು. ಮೊದಲ ಫ್ಯಾನಿನ ಕೆಳಗೆ ಬರುವಷ್ಟರಲ್ಲಿ ತಂತಿ ಎಳೆಯಿತು. ಅವಳು ಪೆಟ್ಟಿಗೆಗಳ ಕಡೆ ತಿರುಗಿ, ಬೆನ್ನು ಮಾಡಿ ನಿಂತು, ಅದು ಹೋಗುವ ತನಕ ಮೀನಿನ ಪೆಟ್ಟಿಗೆಯ ಮೇಲಿನ ಚಿತ್ರವನ್ನು ನೋಡಿದಳು.

ಆ ದಿನ ಅದು ಎಷ್ಟು ಸಲ ಬಂತೆಂದು ಅವಳು ಎಣಿಸಲಿಲ್ಲ. ಸಂಜೆ ಮನೆಯಲ್ಲಿ ಅಕ್ಕ ಬಟ್ಟೆ ಮಡಚುತ್ತಿದ್ದಾಗ ಹತ್ತಿರ ಹೋಗಿ ಕೂತಳು. ಒಂದು ಲಂಗದ ತುದಿ ಹಿಡಿದುಕೊಂಡು ತಾನೂ ಮಡಚಿದಳು. ಹೇಗೆ ಶುರು ಮಾಡುವುದು ಎಂದು ತಿಳಿಯದೆ ಎರಡು ಮೂರು ಬಟ್ಟೆ ಮುಗಿದವು.

"ಅಕ್ಕಾ, ಸ್ವಲ್ಪ... ಇನ್ನೂ ಬರ್ತಾ ಇದೆ."

ಅಕ್ಕನ ಕೈ ನಿಂತಿತು. ಅವಳು ಬೈಯಲಿಲ್ಲ, ಸಿಡುಕಲೂ ಇಲ್ಲ. ಕನಿಕರದಿಂದ, ಮಗುವಿಗೆ ಹೇಳುವ ಹಾಗೆ ಹೇಳಿದಳು.

"ಹಲ್ಲೇ ಇಲ್ವಲ್ಲೇ. ಇನ್ನು ನೋವು ಎಲ್ಲಿಂದ ಬರುತ್ತೆ?"

ತಂಗಿ ಲಂಗದ ಮಡಿಕೆ ಸರಿಮಾಡಿದಳು. ಅಕ್ಕ ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಹಳೆಯದೊಂದು ಅನುಮಾನ ತಲೆಯೆತ್ತುವುದು ತಂಗಿಗೆ ಕಂಡಿತು. ಆ ಡಾಕ್ಟರಮ್ಮನ ಹತ್ತಿರ ಮತ್ತೆ ಹೋಗೋಣವಾ ಎಂದು ಕೇಳುವುದಕ್ಕೆ ಬಾಯಿ ತೆರೆದಿದ್ದವಳು, ಕೂಡಲೇ ಮುಚ್ಚಿದಳು.

"ಅಭ್ಯಾಸ ಇರ್ಬೇಕು ಅಕ್ಕಾ," ಎಂದಳು. "ಹೋಗುತ್ತೆ."

"ಅದೇ," ಎಂದಳು ಅಕ್ಕ. ಅವಳಿಗೆ ಹೋದ ಜೀವ ಬಂದ ಹಾಗಾಯಿತು. "ಮನಸ್ಸಿಂದ ತೆಗೆದುಹಾಕು. ನೀನು ಗುಣವಾಗಿದ್ದೀಯಾ ಅನ್ನೋದೇ ನನಗೆ ಎಷ್ಟು ಸಮಾಧಾನ ಗೊತ್ತಾ? ಈಗ ನಿದ್ದೆ ಬರ್ತಿದೆ ನಂಗೆ."

ಇದಾದ ಮೇಲೆ ತಂಗಿ ನೋವಿನ ಮಾತೆತ್ತಲಿಲ್ಲ. ಅಕ್ಕ ಮಾತ್ರ ದಿನಾ ಕೇಳುತ್ತಿದ್ದಳು, ಪರದೆಯ ಆಚೆಯಿಂದ, ಎಲ್ಲರಿಗೂ ಕೇಳುವ ಹಾಗೆ, ಹೇಗಿದ್ದೀಯಾ ಎಂದು. ತನ್ನ ಹಳೆಯ ತಪ್ಪನ್ನು ತೊಳೆದುಕೊಳ್ಳುವುದಕ್ಕೆ ಅವಳಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಕೇಳಿದಾಗಲೆಲ್ಲ ತಂಗಿ ಚೆನ್ನಾಗಿದ್ದೀನಿ ಎನ್ನಬೇಕು. ಕೆಲವು ಸಲ ತಂತಿ ಎಳೆಯುತ್ತಿರುವಾಗಲೇ ಪ್ರಶ್ನೆ ಬರುತ್ತಿತ್ತು. ಆಗ ಅವಳು ನಗುತ್ತಿದ್ದಳು, ಹಲ್ಲಿಲ್ಲದ ಸಂದಿ ಕಾಣುವ ಹಾಗೆ. ಅದನ್ನು ನೋಡಿದರೆ ಅಕ್ಕನಿಗೆ ತೃಪ್ತಿಯಾಗುತ್ತಿತ್ತು.

ನಾಲಿಗೆ ಮಾತ್ರ ಸುಮ್ಮನಿರಲಿಲ್ಲ. ಖಾಲಿ ಸಂದಿಗೆ ಹೋಗಿ ಬರುತ್ತಿತ್ತು. ಹಾಗೆ ಹೋಗಿ ಬರುತ್ತಾ ಒಂದು ಮಧ್ಯಾಹ್ನ ಅದು ಸಂದಿಯ ಹಿಂದಿನ ಹಲ್ಲಿನ ಮೇಲೆ ನಿಂತಿತು. ಅದನ್ನು ಸುತ್ತಲೂ ಸವರಿ ನೋಡಿತು. ಎಲ್ಲೂ ಒಂದು ಬಿರುಕಿಲ್ಲ, ಒಂದು ತೂತಿಲ್ಲ. ಕಲ್ಲಿನ ಹಾಗಿವೆ ಎಂದಿದ್ದಳಲ್ಲ ಡಾಕ್ಟರು.

ತಂಗಿ ಕೈಯಲ್ಲಿದ್ದ ಪಟ್ಟಿಯನ್ನು ನೋಡಿದಳು. ಅದರ ತುದಿಯಲ್ಲಿ ತಗಡಿನ ಬಕಲು. ಅತ್ತಿತ್ತ ನೋಡಿದಳು. ಪಕ್ಕದವಳು ಪೆಟ್ಟಿಗೆಗೆ ಬಾಗಿದ್ದಳು. ತಂಗಿ ಬಕಲನ್ನು ಬಾಯಿಗಿಟ್ಟುಕೊಂಡಳು, ನಾಲಿಗೆಯಿಂದ ತಳ್ಳಿ ಅದರ ಅಂಚನ್ನು ಸರಿಯಾಗಿ ಆ ಹಲ್ಲಿನ ಕೆಳಗೆ ಕೂರಿಸಿದಳು, ಎರಡೂ ಕೈಯಲ್ಲಿ ಪಟ್ಟಿ ಹಿಡಿದು, ಇದ್ದ ಶಕ್ತಿಯನ್ನೆಲ್ಲ ಹಾಕಿ ಕಚ್ಚಿ ಎಳೆದಳು. ಕೆನ್ನೆಯೊಳಗೆ ತಂತಿ ಎದ್ದಿತು. ಅವಳು ಬಿಡಲಿಲ್ಲ. ಬರಲಿ, ಬಂದರೆ ದವಡೆ ಇನ್ನೂ ಬಿಗಿಯುತ್ತದೆ ಎಂದು ಅದನ್ನೇ ನೆಚ್ಚಿಕೊಂಡಳು. ದವಡೆ ಬಿಗಿಯಿತು. ಕಣ್ಣಿಂದ ನೀರು ಬಂದು ಕೆನ್ನೆಯ ಮೇಲೆ ತಣ್ಣಗಾಯಿತು, ಆ ನೀರಿನ ಸೋಂಕಿಗೇ ಇನ್ನೊಂದು ತಂತಿ ಎದ್ದಿತು. ತಗಡು ಸೊಟ್ಟಗಾದದ್ದು ಹಲ್ಲಿಗೆ ತಿಳಿಯಿತು.

ಹಲ್ಲು ಮುರಿಯಲಿಲ್ಲ.

ಪರದೆ ಸರಿಯಿತು. ಅಕ್ಕ ತಲೆ ಹಾಕಿ ಒಳಗೆ ನೋಡಿದಳು. ತಂಗಿ ಪಟ್ಟಿ ಕಚ್ಚಿ ಎಳೆಯುತ್ತಿರುವುದು, ಮುಖವೆಲ್ಲ ಕೆಂಪಾಗಿರುವುದು, ಕಣ್ಣು ಒದ್ದೆಯಾಗಿರುವುದು ಅವಳಿಗೆ ಕಂಡಿತು. ಎಷ್ಟು ಹುರುಪಿನಿಂದ ಕೆಲಸ ಮಾಡುತ್ತಿದ್ದಾಳೆ ಎಂದುಕೊಂಡಳು.

"ಏ, ಹಲ್ಲಲ್ಲಿ ಎಳೀಬೇಡ್ವೇ," ಎಂದಳು ಅಕ್ಕರೆಯಿಂದ. "ಇರೋ ಹಲ್ಲಾದ್ರೂ ಗಟ್ಟಿಯಾಗಿರ್ಲಿ."

ತಂಗಿ ಸೊಟ್ಟಗಾದ ಬಕಲನ್ನು ಬಾಯಿಂದ ತೆಗೆದು ಜೇಬಿಗೆ ಹಾಕಿಕೊಂಡಳು. ಚೆನ್ನಾಗಿದ್ದೀನಿ ಅಕ್ಕಾ ಎಂದಳು, ಅಕ್ಕ ಆಗ ಹೇಗಿದ್ದೀಯಾ ಎಂದು ಕೇಳಿರದಿದ್ದರೂ. ಆಮೇಲೆ ಇನ್ನೊಂದು ಬಕಲು ತೆಗೆದುಕೊಂಡು ಮುಂದಿನ ಪೆಟ್ಟಿಗೆಗೆ ಬಾಗಿದಳು.